ಹಿನ್ನೀರಿನ ನಡುಗಡ್ಡೆಯಲ್ಲಿ ಡೇರೆ ಹೂಡಬಹುದೇ?

ವಿಜಯಪುರ ಜಿಲ್ಲೆ ಎಂದರೆ ದ್ವೀಪವಾಗಲಿ, ಹಕ್ಕಿಗಳ ಹಿಂಡಾಗಲಿ ಯಾರ ನೆನಪಿಗೂ ಬರುವುದಿಲ್ಲ. ಎರಿ ಹೊಲ, ಬಿಳಿಜೋಳ, ಇಂಡಿಯ ಲಿಂಬೆ, ದ್ರಾಕ್ಷಿ ಪಡ, ಗುಳೆ ಹೋದವರ ಬೀಗ ಬಿದ್ದ ಮನೆ ನೆನಪಾಗುತ್ತವೆ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿನಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಬಯಲುಸೀಮೆಯ ದಕ್ಷಿಣದ ಅಂಚು ಗುರುತು ಸಿಗದಷ್ಟು ಬದಲಾಗಿದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಸುಮಾರು 123 ಟಿಎಂಸಿ ಹಿಡಿಯುವ ಈ ಜಲಾಶಯ, ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೊಲ್ಹಾರ, ನಿಡಗುಂದಿಗಳ ದಿಬ್ಬಗಳನ್ನು ಸುತ್ತುವರಿಯುತ್ತದೆ. ಅಣೆಕಟ್ಟೆಯ ಕೆಳಗೆ ನಾರಾಯಣಪುರದ ಬಸವಸಾಗರದ ನೀರು ಮುದ್ದೇಬಿಹಾಳದ ದಂಡೆಯವರೆಗೆ ಹಿಂದಕ್ಕೆ ಚಾಚಿಕೊಂಡಿದೆ. ನಿನ್ನೆ ಮೊನ್ನೆಯವರೆಗೆ ಕುರಿ ಮೇಯುತ್ತಿದ್ದ ಎತ್ತರದ ನೆಲ ಇಂದು ನಡುಗಡ್ಡೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು, ನೀರು ಇಳಿದಂತೆ ಸೇರುವ ರಾಜಹಂಸ, ಬಣ್ಣದ ಕೊಕ್ಕರೆ, ಬಾತು, ರೀವಗಳಿಗೆ ಈ ಹಿನ್ನೀರು ಗುರುತಿನ ತಾಣವಾಗಿದೆ.

ಹಕ್ಕಿ ಬಂದ ಮೇಲೆ ಕ್ಯಾಮೆರಾ ಬರುತ್ತದೆ, ಕ್ಯಾಮೆರಾ ಬಂದ ಮೇಲೆ ರಾತ್ರಿ ತಂಗುವ ಮಾತು ಬರುತ್ತದೆ. ನಡುಗಡ್ಡೆಗೆ ದೋಣಿಯಲ್ಲಿ ಹೋಗಿ, ಹಕ್ಕಿ ನೋಡಿ, ಡೇರೆ ಹೂಡಿ ಬೆಳಗು ಕಾಣುವ ರಜೆಗೆ ಅಂಡಮಾನ್, ಲಕ್ಷದ್ವೀಪಗಳಿಗೇ ಏಕೆ ಹೋಗಬೇಕು, ನಮ್ಮ ಕೃಷ್ಣೆಯಲ್ಲಿಯೇ ಏಕಾಗಬಾರದು ಎಂಬ ಪ್ರಶ್ನೆ ಸಹಜ. ಬೇಡ ಎನ್ನುವವರೂ ಇದ್ದಾರೆ. ಎರಡೂ ಕಡೆಯವರ ಮಾತಿನಲ್ಲಿ ತೂಕವಿದೆ. ಒಂದು ಕಡೆಯವರನ್ನು ಹಣದಾಸೆಯವರೆಂದೂ ಇನ್ನೊಂದು ಕಡೆಯವರನ್ನು ಜನವಿರೋಧಿಗಳೆಂದೂ ತಳ್ಳಿಹಾಕಿದರೆ ಈ ಪ್ರಶ್ನೆಗೆ ನ್ಯಾಯ ಸಿಗದು.

ಬೇಕು ಎನ್ನುವವರ ಮೊದಲ ಕಾರಣ ಹೊಟ್ಟೆಪಾಡು, ಅದನ್ನೇ ಮೊದಲು ಕೇಳಬೇಕು. ಈ ಜಲಾಶಯ ಬರಿಯ ನೀರಿನಿಂದ ತುಂಬಿಲ್ಲ. ಅದರ ತಳದಲ್ಲಿ ಊರುಗಳಿವೆ, ಗುಡಿ, ಗೋರಿ, ಹುಣಸೆ ತೋಪುಗಳಿವೆ. ಹಳೆಯ ಬಾಗಲಕೋಟೆಯ ಒಂದು ಭಾಗ, ಹಳೆಯ ಕೊಲ್ಹಾರ ಮುಳುಗಿ, ಜನ ಎತ್ತರದ ಹೊಸ ಬಡಾವಣೆಗಳಿಗೆ ಏರಿದರು. ನೀರು ಕಾಲುವೆ ಹಿಡಿದು ದೂರದ ಹೊಲಗಳಿಗೆ ಹೋಯಿತು, ವಿದ್ಯುತ್ತು ತಂತಿ ಹಿಡಿದು ಹೋಯಿತು. ದಂಡೆಯ ಮೇಲೆ ಉಳಿದವರಿಗೆ ಮೀನು ಮತ್ತು ನೀರು ಇಳಿದಾಗ ಬಿತ್ತುವ ಒಂದಿಷ್ಟು ಕೆಸರು ಭೂಮಿ ಉಳಿಯಿತು. ಇಂಥವರ ಮನೆಯ ಹುಡುಗನೊಬ್ಬ ಹಕ್ಕಿ ತೋರಿಸಿ ನಾಲ್ಕು ಕಾಸು ಗಳಿಸಿ, ಗೋವೆಗೋ ಪುಣೆಗೋ ಗುಳೆ ಹೋಗುವುದನ್ನು ತಪ್ಪಿಸಿಕೊಂಡರೆ ಅದನ್ನು ಬೇಡವೆನ್ನಲು ನಾವು ಯಾರು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಅವರ ಕೈಯಲ್ಲಿ ಉದಾಹರಣೆಯೂ ಇದೆ. ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆಯ ಗುಂಟ ಮೇಲಕ್ಕೆ ಹೋದರೆ ಮಹಾರಾಷ್ಟ್ರದ ಉಜನಿ ಜಲಾಶಯ ಸಿಗುತ್ತದೆ. ಅದರ ಹಿನ್ನೀರಿನ ಭಿಗ್ವಣದಲ್ಲಿ ಮೀನುಗಾರರೇ ಹಕ್ಕಿ ಮಾರ್ಗದರ್ಶಿಗಳಾದರು. ಬಲೆ ಎಳೆಯುತ್ತಿದ್ದ ದೋಣಿಯಲ್ಲಿ ಛಾಯಾಗ್ರಾಹಕರನ್ನು ಕೂರಿಸಿ ರಾಜಹಂಸಗಳ ಸಮೀಪಕ್ಕೆ ಒಯ್ಯುತ್ತಾರೆ, ಮನೆಗಳಲ್ಲಿ ಊಟ, ವಸತಿ ಕೊಡುತ್ತಾರೆ. ಹಕ್ಕಿಯ ಹೆಸರನ್ನು ಪಟಪಟನೆ ಹೇಳುವ ಮೀನುಗಾರರ ಹುಡುಗರು ಅಲ್ಲಿ ಅಪರೂಪವಲ್ಲ. ಇಲ್ಲಿಯೂ ಹೊರಗಿನವರ ಹಣ ಊರಿನಲ್ಲಿ ನಿಲ್ಲುವ ಬಗೆಗೆ ಸಾಕ್ಷಿಯಿದೆ. ಕೊಲ್ಹಾರದ ಮೊಸರು ಅದಕ್ಕೆ ನಿದರ್ಶನ. ಹೆದ್ದಾರಿಯ ಪಕ್ಕ ಮಣ್ಣಿನ ಗಡಿಗೆಯಲ್ಲಿ ಕೆನೆಗಟ್ಟಿದ ಮೊಸರು ಇಟ್ಟುಕೊಂಡು ಕೂತವರ ಮುಂದೆ ವಿಜಯಪುರ, ಹುಬ್ಬಳ್ಳಿ ನಡುವೆ ಓಡುವ ವಾಹನಗಳು ನಿಲ್ಲುತ್ತವೆ. ಅದಕ್ಕೆ ದೊಡ್ಡ ಬಂಡವಾಳ ಬೇಕಾಗಲಿಲ್ಲ. ಎಮ್ಮೆ, ಕುಂಬಾರನ ಗಡಿಗೆ, ಹೆಪ್ಪು ಹಾಕುವ ಕೈಗುಣ ಸಾಕಾದವು.

ಇದಕ್ಕೆ ಎದುರು ವಾದಿಸುವವರು ಭಿಗ್ವಣವನ್ನು ಅಲ್ಲಗಳೆಯುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಹೆಸರನ್ನು ಇಡುತ್ತಾರೆ: ವಿರೂಪಾಪುರ ಗಡ್ಡೆ. ಹಂಪಿಯ ಎದುರಿಗೆ, ತುಂಗಭದ್ರೆಯ ನಡುವೆ, ಗಂಗಾವತಿ ತಾಲ್ಲೂಕಿಗೆ ಸೇರಿದ ಈ ಗಡ್ಡೆಯಲ್ಲಿ ಮೊದಲು ಬಂದದ್ದು ಸಣ್ಣ ಗುಡಿಸಲು, ಮನೆಯೂಟ. ಆಮೇಲೆ ರೆಸಾರ್ಟುಗಳು ಸಾಲುಗಟ್ಟಿದವು. ನಿಯಮ ಕೇಳುವವರು ಇರಲಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ದೇಶ ವಿದೇಶಗಳ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಕೊಂಡು, ದೋಣಿ, ಹೆಲಿಕಾಪ್ಟರುಗಳಲ್ಲಿ ಅವರನ್ನು ಹೊರತರಬೇಕಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ವರ್ಷಗಟ್ಟಲೆ ಕಣ್ಣುಮುಚ್ಚಿದ್ದ ಆಡಳಿತಕ್ಕೆ ಅದರಿಂದ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಅಲ್ಲಿ ದುಡಿಯುತ್ತಿದ್ದ ಅಡುಗೆಯವರಿಗೆ, ದೋಣಿಯವರಿಗೆ, ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿದವರಿಗೆ. ನಡುಗಡ್ಡೆಯ ಪ್ರವಾಸ ಯಾರ ಹೆಸರಿನಲ್ಲಿ ಶುರುವಾಗುತ್ತದೋ ಕೊನೆಗೆ ಅವರ ಕೈಯಲ್ಲಿ ಉಳಿಯುತ್ತದೆಂಬ ಖಾತ್ರಿಯಿಲ್ಲ ಎಂಬ ಅವರ ಆತಂಕ ಹುರುಳಿಲ್ಲದ್ದಲ್ಲ. ದೋಣಿಯ ಗುತ್ತಿಗೆ, ಡೇರೆಯ ಗುತ್ತಿಗೆ ಹರಾಜಾದರೆ ಅದನ್ನು ಹಿಡಿಯುವವನು ಮುಳುಗಡೆಯ ಊರಿನ ಮೀನುಗಾರನೇ ಆಗಿರುತ್ತಾನೆಯೇ?

ಆದರೂ ಬೇಡವೆನ್ನುವವರ ಬಲವಾದ ವಾದ ಹಣದ ಬಗೆಗಿನದಲ್ಲ. ಅದು ಮೊಟ್ಟೆಯ ಬಗೆಗಿನದು, ಸ್ವಲ್ಪ ಹತ್ತಿರದಿಂದ ನೋಡಬೇಕಾದದ್ದು.

ನದಿ ರೀವ ಎಂಬ ಹಕ್ಕಿಯಿದೆ. ಹಳದಿ ಕೊಕ್ಕು, ಕೆಂಪು ಕಾಲು, ಕಪ್ಪು ಟೋಪಿ ಹಾಕಿದಂಥ ನೆತ್ತಿ. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದೀಗ ಅಪಾಯಕ್ಕೆ ಈಡಾದ ಹಕ್ಕಿಗಳ ಸಾಲಿಗೆ ಸೇರಿದೆ. ಫೆಬ್ರುವರಿಯ ಹೊತ್ತಿಗೆ ನದಿ, ಜಲಾಶಯಗಳು ಇಳಿದು ಮರಳು, ನೊರಜುಗಲ್ಲಿನ ದಿಬ್ಬಗಳು ಎದ್ದಾಗ ಅದು ಗೂಡು ಮಾಡುತ್ತದೆ. ಗೂಡು ಎಂದರೆ ಕಡ್ಡಿ, ಹುಲ್ಲು ಯಾವುದೂ ಇಲ್ಲ. ಎದೆಯಿಂದ ಒತ್ತಿ ಮಾಡಿದ ಅಂಗೈಯಗಲದ ತಗ್ಗು, ಅದರಲ್ಲಿ ಎರಡು ಮೂರು ಮೊಟ್ಟೆ. ಮೊಟ್ಟೆಯ ಮೇಲಿನ ಕಂದು ಚುಕ್ಕೆಗಳು ಸುತ್ತಲಿನ ಹರಳುಗಳೊಂದಿಗೆ ಎಷ್ಟು ಬೆರೆತುಹೋಗುತ್ತವೆಂದರೆ, ಹುಡುಕುವ ಕಣ್ಣಿಗೂ ಕಾಣದೆ ಕಾಲ ಕೆಳಗೆ ಬರುತ್ತವೆ. ಟಿಟ್ಟಿಭವೂ ಹೀಗೆಯೇ ಬಯಲಿನಲ್ಲಿ ಮೊಟ್ಟೆ ಇಡುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮರಳು ಅದಕ್ಕಿಂತ ಹೆಚ್ಚು ಕಾಯುತ್ತದೆ. ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂತಿರುವುದು ಬೆಚ್ಚಗಿಡಲು ಅಲ್ಲ, ನೆರಳು ಕೊಡಲು. ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮತ್ತೆ ಮೊಟ್ಟೆಯ ಮೇಲೆ ಕೂರುವುದೂ ಉಂಟು. ಇಂಥ ಹೊತ್ತಿನಲ್ಲಿ ಪ್ರವಾಸಿಯೊಬ್ಬ ದೋಣಿಯಿಂದಿಳಿದು ನಡೆದರೆ ಹಿಂಡು ಪೂರ್ತಿ ಮೇಲೆದ್ದು ಕಿರುಚುತ್ತ ಸುತ್ತುತ್ತದೆ. ಅವನು ಆ ಗದ್ದಲವನ್ನು ಬೆರಗಿನಿಂದ ನೋಡಿ ಚಿತ್ರ ತೆಗೆಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಬಿಸಿಲಿಗೆ ಬಿದ್ದ ಮೊಟ್ಟೆಯೊಳಗಿನ ಜೀವ ಆರಬಹುದು. ಅವನು ಒಂದು ಮೊಟ್ಟೆಯನ್ನೂ ತುಳಿದಿರುವುದಿಲ್ಲ, ಒಂದು ಕಲ್ಲನ್ನೂ ಎಸೆದಿರುವುದಿಲ್ಲ.

ಡೇರೆ ಹೂಡಿದರೆ ಇದು ರಾತ್ರಿಗೂ ವಿಸ್ತರಿಸುತ್ತದೆ. ಬೆಂಕಿ, ದೀಪ, ಹಾಡು, ಉಳಿದ ಅನ್ನ, ಎಲುಬು ಎಲ್ಲವೂ ಸೇರಿಕೊಳ್ಳುತ್ತವೆ. ಎಂಜಲಿಗೆ ಕಾಗೆ ಬರುತ್ತದೆ, ಕಾಗೆ ಮೊಟ್ಟೆಯನ್ನೂ ಕಾಣುತ್ತದೆ. ಬೇಸಿಗೆ ಏರಿದಂತೆ ನೀರು ಇನ್ನಷ್ಟು ಇಳಿದು ಎಷ್ಟೋ ನಡುಗಡ್ಡೆಗಳು ದಂಡೆಗೆ ಕೂಡಿಕೊಳ್ಳುತ್ತವೆ. ಆಗ ನಾಯಿಗಳು ನಡೆದೇ ಬರುತ್ತವೆ. ಸುತ್ತ ನೀರಿದೆ ಎಂಬ ನಂಬಿಕೆಯ ಮೇಲೆ ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿಗೆ ಆ ನಂಬಿಕೆ ತಪ್ಪುವ ತಿಂಗಳು ಅದು.

ಇಷ್ಟು ಕೇಳಿದ ಮೇಲೂ ಪರವಾದಿಗಳು ಸುಮ್ಮನಾಗುವುದಿಲ್ಲ, ಸುಮ್ಮನಾಗಬೇಕಾಗಿಯೂ ಇಲ್ಲ. ಪ್ರವಾಸಿ ಬಾರದಿದ್ದರೆ ನಡುಗಡ್ಡೆ ನೆಮ್ಮದಿಯಾಗಿರುತ್ತದೆ ಎಂಬುದು ದೂರದಲ್ಲಿ ಕೂತವರ ಕಲ್ಪನೆ ಎನ್ನುತ್ತಾರೆ ಅವರು. ಕುರಿ ಹಿಂಡು ದಿಬ್ಬಕ್ಕೆ ಬರುತ್ತದೆ, ಮೊಟ್ಟೆ ಆರಿಸುವವರಿದ್ದಾರೆ, ಕತ್ತಲಲ್ಲಿ ಬಲೆ ಹಾಕಿ ಬಾತು ಹಿಡಿಯುವವರಿದ್ದಾರೆ. ಭೀಮೆಯ ದಂಡೆಯಲ್ಲಂತೂ ಮರಳಿನ ದಿಬ್ಬವೇ ಟಿಪ್ಪರು ಹತ್ತಿ ಹೋಗುತ್ತದೆ. ದಿಬ್ಬ ಹೋದ ಮೇಲೆ ಮೊಟ್ಟೆ ಎಲ್ಲಿ ಇಡಬೇಕು? ನೋಡುವ ಕಣ್ಣು ಇರುವಲ್ಲಿ ಕಳ್ಳತನ ಕಡಿಮೆ. ಹಕ್ಕಿಯಿಂದ ಅನ್ನ ಸಿಗುತ್ತದೆಂದು ಗೊತ್ತಾದ ಊರು ಹಕ್ಕಿಯನ್ನು ಕಾಯುತ್ತದೆ. ಇದಕ್ಕೆ ಅವರು ಕಾವೇರಿಯ ಕಥೆಯನ್ನು ಹೇಳುತ್ತಾರೆ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಮೀನನ್ನು ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುವ ಶಿಬಿರಗಳು ಹಲವು ವರ್ಷ ನಡೆದವು. ಅಭಯಾರಣ್ಯದೊಳಗೆ ಅದಕ್ಕೆ ಕಾನೂನಿನ ಅವಕಾಶವಿಲ್ಲವೆಂದಾಗ ನಿಂತವು. ಶಿಬಿರದ ಜನ ನದಿಯಲ್ಲಿ ಇದ್ದಷ್ಟು ಕಾಲ ಸಿಡಿಮದ್ದು ಎಸೆದು ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತು ಎಂಬುದು ಗಾಳದವರ ವಾದ. ಅದನ್ನು ಪೂರ್ತಿ ಒಪ್ಪದವರೂ ಅದರಲ್ಲಿ ನಿಜಾಂಶವಿದೆ ಎನ್ನುತ್ತಾರೆ.

ಇನ್ನೊಂದು ಉದಾಹರಣೆ ಭದ್ರಾ ಜಲಾಶಯದ್ದು. ಲಕ್ಕವಳ್ಳಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ವಸತಿಗೆ ಈ ನದಿ ರೀವದ ಹೆಸರನ್ನೇ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳ ಮೇಲೆ ರೀವಗಳು ದೊಡ್ಡ ಸಂಖ್ಯೆಯಲ್ಲಿ ಗೂಡಿಡುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ, ದೋಣಿಯಲ್ಲಿ ಕೂತೇ ನೋಡಿ ಮರಳುತ್ತಾರೆ. ಹಕ್ಕಿಯೂ ಇದೆ, ಪ್ರವಾಸವೂ ಇದೆ.

ಈ ಹೋಲಿಕೆ ಎಷ್ಟು ದೂರ ಬರುತ್ತದೆ ಎಂಬುದನ್ನು ಆಕ್ಷೇಪಿಸುವವರು ಸರಿಯಾಗಿಯೇ ಕೇಳುತ್ತಾರೆ. ಭದ್ರೆಯ ಹಿನ್ನೀರಿನ ಬೆನ್ನಿಗೆ ಹುಲಿ ಮೀಸಲು ಅರಣ್ಯವಿದೆ, ಅದರ ಕಾವಲು ಪಡೆಯಿದೆ, ಯಾವ ದೋಣಿ ಎಲ್ಲಿಗೆ ಹೋಗಬೇಕೆಂದು ಹೇಳುವವರಿದ್ದಾರೆ. ಆಲಮಟ್ಟಿ ನೀರಾವರಿಗೆಂದು ಕಟ್ಟಿದ ಜಲಾಶಯ. ನೆಲ ಕೃಷ್ಣಾ ಭಾಗ್ಯ ಜಲ ನಿಗಮದ್ದು, ಮೀನು ಮೀನುಗಾರಿಕೆ ಇಲಾಖೆಯದು, ಹಕ್ಕಿ ಅರಣ್ಯ ಇಲಾಖೆಯದು, ಪ್ರವಾಸಿ ಪ್ರವಾಸೋದ್ಯಮ ಇಲಾಖೆಯವನು. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಮನುಷ್ಯ ಕಟ್ಟಿದ ಜಲರಾಶಿಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹಕ್ಕಿಗೆ ಕೆರೆ, ಜಲಾಶಯಗಳ ಭೇದವಿಲ್ಲದಿದ್ದರೂ ನಿಯಮಕ್ಕೆ ಇದೆ. ಹೀಗಿರುವಾಗ ಮೊದಲು ಪ್ರವಾಸಿಯನ್ನು ಕರೆದು ಆಮೇಲೆ ಕಾವಲುಗಾರನನ್ನು ಹುಡುಕುವುದು ತಿರುವುಮುರುವಾದ ಕ್ರಮ ಎಂಬ ಮಾತನ್ನು ನಾನು ಒಪ್ಪುತ್ತೇನೆ.

ಹಾಗಾದರೆ ಇಡೀ ಹಿನ್ನೀರನ್ನು ಅಭಯಾರಣ್ಯವೆಂದು ಘೋಷಿಸಿ ಬಾಗಿಲು ಹಾಕಬೇಕೇ? ಇಲ್ಲಿ ಪರವಾದಿಗಳ ಜೊತೆಗೆ ಇನ್ನೊಂದು ದನಿಯೂ ಸೇರುತ್ತದೆ, ರೈತರದು. ಇಂಡಿ, ಚಡಚಣದವರಿಗೆ ಗಡಿಯಾಚೆಯ ಸೊಲ್ಲಾಪುರ ದೂರವೇನಲ್ಲ. ಅಲ್ಲಿನ ನಾನಜ್‌ನಲ್ಲಿ 1979ರಲ್ಲಿ ಎರ್ಲಡ್ಡು ಹಕ್ಕಿಗೆಂದು ಅಭಯಾರಣ್ಯ ಮಾಡಿದಾಗ ಸುಮಾರು 8,500 ಚದರ ಕಿಲೋಮೀಟರ್ ನೆಲವನ್ನು ಗುರುತು ಹಾಕಲಾಯಿತು. ಅದರೊಳಗೆ ಊರುಗಳಿದ್ದವು, ರೈತರ ಪಟ್ಟಾ ಜಮೀನುಗಳಿದ್ದವು. ಕೊಡುಕೊಳ್ಳುವಿಕೆಗೆ, ಕಟ್ಟಡಕ್ಕೆ ದಶಕಗಳ ಕಾಲ ಅಡ್ಡಿಯಾಗಿ, ಜನರಿಗೆ ಹಕ್ಕಿಯ ಮೇಲೆಯೇ ಸಿಟ್ಟು ಬಂತು. ಕೊನೆಗೆ ಗಡಿಯನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಎರ್ಲಡ್ಡು ಕಾಣಸಿಗುವುದೇ ಅಪರೂಪವಾಗಿತ್ತು. ನೆಲದ ಮೇಲಿನ ಜನರನ್ನು ಬಿಟ್ಟು ಕಾಗದದ ಮೇಲೆ ಮಾಡಿದ ರಕ್ಷಣೆಗೆ ಇಷ್ಟು ಹತ್ತಿರದ ಪಾಠ ಬೇರೆ ಇಲ್ಲ. ಕೃಷ್ಣೆಯ ಹಿನ್ನೀರು ಇಳಿದಾಗ ತಮ್ಮದೇ ಹಳೆಯ ಹೊಲದ ಕೆಸರಿನಲ್ಲಿ ಕಡಲೆ, ಜೋಳ ಬಿತ್ತುವವರಿಗೆ ಕಾನೂನಿನ ಕಣ್ಣಿನಲ್ಲಿ ಆ ನೆಲದ ಮೇಲೆ ಹಕ್ಕಿಲ್ಲ. ನ್ಯಾಯದ ಕಣ್ಣಿನಲ್ಲಿ ಇಲ್ಲವೆನ್ನುವುದು ಕಷ್ಟ. ಅವರನ್ನು ಒಕ್ಕಲೆಬ್ಬಿಸಿ ಹಕ್ಕಿ ಉಳಿಸುವ ಯೋಜನೆ ಒಮ್ಮೆ ಮುಳುಗಿದವರನ್ನು ಎರಡನೆಯ ಸಲ ಮುಳುಗಿಸಿದಂತೆ.

ಸಂರಕ್ಷಣೆಯ ಪರವಾಗಿ ನಿಂತವರು ಇದಕ್ಕೆ ಕೊಡುವ ಉತ್ತರ ಗಮನಾರ್ಹ. ಅಭಯಾರಣ್ಯ ಒಂದೇ ದಾರಿಯಲ್ಲ ಎನ್ನುತ್ತಾರೆ ಅವರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಸಂರಕ್ಷಣಾ ಮೀಸಲು ಎಂಬ ಹಗುರವಾದ ವ್ಯವಸ್ಥೆಗೆ ಎಡೆ ಮಾಡಿದೆ. ಸರ್ಕಾರದ ಒಡೆತನದ ನೆಲದಲ್ಲಿ, ಸುತ್ತಲಿನ ಜನರೊಡನೆ ಸಮಾಲೋಚಿಸಿ, ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುವ ಸಮಿತಿಯ ಮೂಲಕ ಅದನ್ನು ನಡೆಸಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಹೀಗೆ ಆದವು. 2024ರಲ್ಲಿ ಎರಡೂ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದವು. ಮಾಗಡಿಯ ಹೆಬ್ಬಾತುಗಳು ಹಗಲು ಕೆರೆಯಲ್ಲಿ ಕಳೆದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ರೈತರು ಸಹಿಸಿಕೊಂಡಿದ್ದಾರೆ. ನೋಡಲು ಬರುವವರು ದಂಡೆಯಲ್ಲಿ ನಿಂತು ನೋಡಿ ಹೋಗುತ್ತಾರೆ. ಆದರೆ ಅವು ಕೆರೆಗಳು, ಒಂದು ನೋಟಕ್ಕೆ ನಿಲುಕುವಂಥವು. ಎರಡು ಜಿಲ್ಲೆಗಳ ನಡುವೆ ಹರಡಿದ ಜಲಾಶಯದಲ್ಲಿ ಅದೇ ವ್ಯವಸ್ಥೆ ಅಷ್ಟೇ ಸಲೀಸಾಗಿ ನಡೆದೀತೆಂದು ಹೇಳಲಾಗದು.

ಇಲ್ಲಿಯವರೆಗೆ ಹಕ್ಕಿ ನೋಡುವುದನ್ನೂ ಡೇರೆ ಹೂಡುವುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತಾಡಿದ್ದಾಯಿತು. ಅವೆರಡೂ ಒಂದೇ ಅಲ್ಲ. ಡೇರೆಯ ಪರವಾಗಿರುವ ಒಳ್ಳೆಯ ಮಾತು ಮಕ್ಕಳ ಬಗೆಗಿನದು. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಮೇಲೆ ವರ್ಷಗಳಿಂದ ಶಿಬಿರಗಳು ನಡೆಯುತ್ತಿವೆ, ನಡುವಿನ ನಡುಗಡ್ಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆದವರಿದ್ದಾರೆ. ತೆಪ್ಪ ಹುಟ್ಟು ಹಾಕಲು, ತಂದ ಕಸವನ್ನು ತಾವೇ ಹೊತ್ತೊಯ್ಯಲು, ನಕ್ಷತ್ರ ಗುರುತಿಸಲು ಕಲಿತ ಮಗು ಬೇರೆಯದೇ ರೀತಿಯಲ್ಲಿ ಬೆಳೆಯುತ್ತದೆ. ಮುದ್ದೇಬಿಹಾಳದ, ಸಿಂದಗಿಯ ಸರ್ಕಾರಿ ಶಾಲೆಯ ಮಗುವಿಗೆ ಅಂಥ ಒಂದು ರಾತ್ರಿ ಯಾಕೆ ಸಿಗಬಾರದು? ಕಾಡೇ ಇಲ್ಲದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ವನ್ಯಜೀವಿ ಎಂದರೆ ಪಠ್ಯಪುಸ್ತಕದ ಹುಲಿ, ಆಲಮಟ್ಟಿಯ ರಾಕ್ ಗಾರ್ಡನ್ನಿನ ಸಿಮೆಂಟಿನ ಪ್ರಾಣಿ. ತಮ್ಮ ಊರಿನ ನೀರಿಗೇ ದೇಶಾಂತರದ ಹಕ್ಕಿ ಬರುತ್ತದೆಂಬುದು ಅವರಿಗೆ ಗೊತ್ತಾಗಬೇಕು. ಈ ವಾದ ನನ್ನನ್ನು ಬಹಳ ಮಟ್ಟಿಗೆ ಅಲುಗಾಡಿಸಿದೆ. ಹಣದ ಲೆಕ್ಕವನ್ನು ಬದಿಗಿಟ್ಟರೂ ನಿಲ್ಲುವ ವಾದ ಇದೊಂದೇ ಇದ್ದೀತು.

ಆದರೆ ಸುರಕ್ಷತೆಯ ಪ್ರಶ್ನೆ ಇದೆ, ಅದನ್ನು ಮೃದುಗೊಳಿಸಿ ಹೇಳಲು ಬರುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ. ದಂಡೆಯ ರೈತರಿಗೆ, ಮೀನುಗಾರರಿಗೆ ಇದು ಹೊಸ ಸುದ್ದಿಯಲ್ಲ. ಜಲಾಶಯದ ನೀರು ಗೇಟಿನ, ವಿದ್ಯುತ್ತಿನ, ಮಹಾರಾಷ್ಟ್ರದ ಮಳೆಯ ಲೆಕ್ಕದಲ್ಲಿ ಏರಿಳಿಯುತ್ತದೆ. ತಡೆಯಿಲ್ಲದ ಬಯಲಿನಲ್ಲಿ ಗಾಳಿ ಎದ್ದರೆ ಹಿನ್ನೀರು ಸಮುದ್ರದಂತೆ ಅಲೆಯೆಬ್ಬಿಸುತ್ತದೆ. ಭಿಗ್ವಣವನ್ನು ಹೊಗಳುವಾಗ ಅದೇ ಉಜನಿ ಹಿನ್ನೀರಿನಲ್ಲಿ 2024ರ ಮೇ ತಿಂಗಳಲ್ಲಿ ಬಿರುಗಾಳಿಗೆ ಪ್ರಯಾಣಿಕರ ದೋಣಿ ಮಗುಚಿ ಆರು ಜನ ತೀರಿಕೊಂಡದ್ದನ್ನು ಮರೆಯಲಾಗದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ಸತ್ತರು, ಅವರಲ್ಲಿ ಉತ್ತರ ಕರ್ನಾಟಕದಿಂದ ಹೋದ ಕುಟುಂಬದವರಿದ್ದರು. ಬಯಲುಸೀಮೆಯವರಾದ ನಮ್ಮಲ್ಲಿ ಈಜು ಬಲ್ಲವರು ಕಡಿಮೆ. ರಾತ್ರಿ ಹೊತ್ತು ನಡುಗಡ್ಡೆಯಲ್ಲಿ ಒಬ್ಬರಿಗೆ ಹಾವು ಕಚ್ಚಿದರೆ ದೋಣಿ ಬರಬೇಕು, ದಂಡೆ ಮುಟ್ಟಬೇಕು, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೊನ್ನೆಮರಡುವಿನ ಶಿಸ್ತು ವರ್ಷಗಳ ಅಭ್ಯಾಸದಿಂದ ಬಂದದ್ದು. ಟೆಂಡರು ಕರೆದರೆ ಡೇರೆ, ದೋಣಿ ಸಿಗುತ್ತವೆ, ಆ ಶಿಸ್ತು ಸಿಗುವುದಿಲ್ಲ.

ಇದೆಲ್ಲದರ ಮೇಲೆ ಇನ್ನೊಂದು ಅನಿಶ್ಚಯ ತೂಗಾಡುತ್ತಿದೆ. ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು. ನೆರೆ ರಾಜ್ಯಗಳ ತಕರಾರು ಮುಗಿದಿಲ್ಲ. ಆದರೂ ಮುಳುಗಡೆಯಾಗುವ ಸುಮಾರು 75 ಸಾವಿರ ಎಕರೆಗೆ ಪರಿಹಾರದ ದರವನ್ನು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿಗದಿ ಮಾಡಿದೆ. ಅಂದರೆ ಇಂದಿನ ನಡುಗಡ್ಡೆಗಳಲ್ಲಿ ಕೆಲವು ನಾಳೆ ನೀರಿನಡಿ ಹೋಗುತ್ತವೆ, ಇಂದಿನ ಹೊಲಗಳಲ್ಲಿ ಕೆಲವು ನಡುಗಡ್ಡೆಗಳಾಗುತ್ತವೆ. ಪ್ರವಾಸೋದ್ಯಮದವರು ಇದನ್ನು, ಹೇಗೂ ಬದಲಾಗುವ ನೆಲಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ ಎಂಬುದಕ್ಕೆ ಬಳಸುತ್ತಾರೆ. ಇನ್ನೊಂದು ಕಡೆಯವರು, ಸ್ಥಿರವಲ್ಲದ ನೆಲದ ಮೇಲೆ ಬಂಡವಾಳ ಹಾಕಿಸಿ ಬಡವರನ್ನು ಮತ್ತೆ ಸಾಲಕ್ಕೆ ದೂಡಬೇಡಿ ಎಂಬುದಕ್ಕೆ ಬಳಸುತ್ತಾರೆ. ನನಗೆ ಎರಡನೆಯದು ಹೆಚ್ಚು ಸರಿಯೆನಿಸುತ್ತದೆ. ಏನೇ ಮಾಡಿದರೂ ಸಂಜೆ ಕಿತ್ತು ಮಡಚಿಡಬಹುದಾದಷ್ಟೇ ಕಟ್ಟಬೇಕು.

ಭೀಮೆಯ ಕಡೆಯ ಇಂಡಿ, ಸಿಂದಗಿಗಳ ಮಾತು ಬೇರೆ. ಅಲ್ಲಿ ಇಂಥ ವಿಶಾಲ ಹಿನ್ನೀರಿಲ್ಲ, ಬಾಂದಾರಗಳ ಹಿಂದೆ ನಿಂತ ನೀರಿದೆ, ಮಳೆಗಾಲದ ಮಹಾಪೂರವಿದೆ, ಬೇಸಿಗೆಯ ಒಣಪಾತ್ರವಿದೆ. ನೋಡಲು ಇರುವುದು ದಂಡೆಯಾಚೆಯ ಬಯಲಿನ ಚಿಗರಿ, ತೋಳ, ಹದ್ದು, ಗಿಡುಗಗಳು. ಅವಕ್ಕೆ ಡೇರೆಯ ಅವಶ್ಯಕತೆಯೇ ಇಲ್ಲ. ಬೆಳಿಗ್ಗೆ ಹೋಗಿ ಬಿಸಿಲೇರುವ ಮೊದಲು ಮರಳಿದರೆ ಸಾಕು. ಅಲ್ಲಿ ಮೊದಲು ಆಗಬೇಕಾದ್ದು ಮರಳಿನ ಕಾವಲು.

ಎರಡೂ ಕಡೆಯ ಮಾತುಗಳನ್ನು ತೂಗಿದ ಮೇಲೆ ನನ್ನ ಒಲವನ್ನು ಹಿಂಜರಿಕೆಯಿಂದಲೇ ಹೇಳುತ್ತೇನೆ. ನೋಡುವುದು ಇರಲಿ, ಡೇರೆ ದಂಡೆಗೆ ಬರಲಿ, ನಡುಗಡ್ಡೆ ಹಕ್ಕಿಗಿರಲಿ. ಇದು ಹೊಸ ವಿಚಾರವಲ್ಲ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿ ತಿಟ್ಟಿನ ಸುತ್ತ ಹೋಗುತ್ತದೆ, ತಿಟ್ಟಿನ ಮೇಲೆ ಯಾರೂ ಇಳಿಯುವುದಿಲ್ಲ. ಲಕ್ಷದ್ವೀಪದಲ್ಲಿ ತಿಣ್ಣಕ್ಕರದಂಥ ದ್ವೀಪದಲ್ಲಿ ಪ್ರವಾಸಿಗರಿಗೆ ಡೇರೆಗಳಿವೆ. ಜನವಸತಿಯಿಲ್ಲದ ಸಣ್ಣ ಪಿಟ್ಟಿಯನ್ನು ರೀವಗಳಿಗೆಂದು ಪಕ್ಷಿಧಾಮ ಮಾಡಿದ್ದಾರೆ. ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ಈ ಕ್ರಮ ಕೃಷ್ಣೆಗೂ ಹೊಂದೀತು.

ಕಾಲದ ಗೆರೆಯೂ ಬೇಕು. ನಮ್ಮ ಬಿಸಿಲು ಇದನ್ನು ಸುಲಭ ಮಾಡಿದೆ. ನವೆಂಬರ್‌ನಿಂದ ಜನವರಿಯವರೆಗೆ ಇಲ್ಲಿ ಹೊರಗೆ ಮಲಗುವ ಹವೆ. ಹೆಬ್ಬಾತು ಬಂದಿರುತ್ತದೆ, ರೀವ ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ಕೂಡಲಸಂಗಮಕ್ಕೂ ಎದುರು ದಂಡೆಯ ತಂಗಡಗಿಗೂ ಬರುವ ಭಕ್ತರು ಆ ದಿನಗಳಲ್ಲಿ ಇರುತ್ತಾರೆ. ಫೆಬ್ರುವರಿಯಿಂದ ಮುಂಗಾರಿನವರೆಗೆ ನಡುಗಡ್ಡೆಗಳ ಸುತ್ತ ದೋಣಿಗೆ ದೂರದ ಮಿತಿ ಇರಬೇಕು, ಇಳಿಯುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಇದರಿಂದ ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ರಾಜಹಂಸಗಳು ಹೆಚ್ಚಾಗಿ ಸೇರುವುದು ನೀರು ಇಳಿದ ಬೇಸಿಗೆಯಲ್ಲಿಯೇ. ಅವು ಗೂಡಿಡುವುದು ದೂರದ ಕಚ್ಛಿನ ರಣದಲ್ಲಾದ್ದರಿಂದ ಇಲ್ಲಿ ಮೊಟ್ಟೆಯ ಭಯವಿಲ್ಲ. ದಂಡೆಯಿಂದ ದುರ್ಬೀನಿನಲ್ಲಿ ನೋಡಲು ಬಿಡಬಹುದು. ಆದರೆ ಮೇಯುವ ಹಿಂಡನ್ನು ಹಾರಿಸಿ ಚಿತ್ರ ತೆಗೆಯುವ ಭಿಗ್ವಣದ ಚಟ ಇಲ್ಲಿಗೆ ಬರಬಾರದು. ಆ ಚಿತ್ರಕ್ಕೇ ಹೆಚ್ಚು ಹಣ ಕೊಡುವ ಗಿರಾಕಿಯನ್ನು ದೋಣಿಯವನು ಕಳೆದುಕೊಳ್ಳುತ್ತಾನೆ. ಆ ನಷ್ಟ ಬಡವನ ಪಾಲಿಗೆ ಸಣ್ಣದಲ್ಲ, ಅದನ್ನು ತುಂಬಿಕೊಡುವ ಬಗೆಯನ್ನೂ ಯೋಚಿಸಬೇಕು. ಬೇಸಿಗೆಯ ತಿಂಗಳುಗಳಲ್ಲಿ ಅದೇ ದೋಣಿಯವರನ್ನು ಗೂಡು ಕಾಯುವ ಕೆಲಸಕ್ಕೆ ಕೂಲಿ ಕೊಟ್ಟು ನೇಮಿಸಿಕೊಳ್ಳುವುದು ಒಂದು ದಾರಿ.

ಯಾರ ಕೈಯಲ್ಲಿ ಇದು ನಡೆಯಬೇಕು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಸಂರಕ್ಷಣಾ ಮೀಸಲಿನ ಸಮಿತಿ ಮೊದಲು ರಚನೆಯಾಗಬೇಕು. ಅದರಲ್ಲಿ ನಿಗಮ, ಅರಣ್ಯ, ಮೀನುಗಾರಿಕೆ ಇಲಾಖೆಗಳ ಜೊತೆ ದಂಡೆಯ ಪಂಚಾಯಿತಿಗಳು, ಮೀನುಗಾರರ ಸಹಕಾರಿ ಸಂಘಗಳು, ಇಳಿದ ನೀರಿನ ನೆಲದಲ್ಲಿ ಬಿತ್ತುವ ರೈತರು ಇರಬೇಕು. ದೋಣಿಯ ಪರವಾನಗಿ ಮೀನುಗಾರರ ಸಂಘಕ್ಕೆ ಮೀಸಲಾಗಿರಬೇಕು, ಜೀವರಕ್ಷಕ ಕವಚವಿಲ್ಲದೆ ದೋಣಿ ದಂಡೆ ಬಿಡಬಾರದು. ದಂಡೆಯ ಡೇರೆಗಳನ್ನು ವಾರದ ಕೆಲವು ದಿನ ಈ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಬಿಟ್ಟುಕೊಡಬೇಕು. ಎರಡು ಚಳಿಗಾಲ ಹೀಗೆ ಸಣ್ಣದಾಗಿ ನಡೆಸಿ ನೋಡಲಿ. ಪ್ರತಿ ಏಪ್ರಿಲ್‌ನಲ್ಲಿ ದಂಡೆಯಿಂದಲೇ ಗೂಡುಗಳ ಎಣಿಕೆ ನಡೆಸಿ ಆ ಸಂಖ್ಯೆಯನ್ನು ಪಂಚಾಯಿತಿಯ ಫಲಕದ ಮೇಲೆ ಬರೆಯಲಿ. ಗೂಡು ಕಡಿಮೆಯಾದ ವರ್ಷ ದೋಣಿಗಳನ್ನು ಕಡಿಮೆ ಮಾಡುವ, ಹೆಚ್ಚಾದ ವರ್ಷ ಇನ್ನಷ್ಟು ಕುಟುಂಬಗಳನ್ನು ಸೇರಿಸಿಕೊಳ್ಳುವ ಅಧಿಕಾರ ಬೆಂಗಳೂರಿಗೆ ಹೋಗದೆ ಆ ಸಮಿತಿಯಲ್ಲಿಯೇ ಉಳಿಯಲಿ.